ಜತ್ತದ ಗಲ್ಲಾಪೆಟ್ಟಿಗೆ ಮೇಲೆ ವಿಶ್ವವಿದ್ಯಾಲಯದ ಕಪಾಟು

"ಕಾಕಾ, ಇಲ್ಲಿ ಪುಸ್ತಕದ ಹೆಸರು ಅದಾವು, ಪುಸ್ತಕ ಇಲ್ಲ ನೋಡ್ರಿ" ಅಂತ ತಮ್ಮನ ಮಗಳು ಮೊಬೈಲನ್ನು ನನ್ನ ಮುಂದೆ ಹಿಡಿದಾಗ ನಾನು ಗೊಬ್ಬರದ ಬಾಕಿ ಬರೆಯುತ್ತಿದ್ದೆ. ಜತ್ತದಲ್ಲಿ ನಮ್ಮದು ಬೀಜ-ಗೊಬ್ಬರದ ಅಂಗಡಿ. ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಬರುವುದಿಲ್ಲ, ಅಂಗಡಿಯಲ್ಲಿ ಬರುತ್ತದೆ. ಹೀಗಾಗಿ ಮಧ್ಯಾಹ್ನ ಗಿರಾಕಿ ಕಡಿಮೆಯಾದ ಹೊತ್ತಿಗೆ ಹುಡುಗಿ ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತು ಕನ್ನಡ ಎಂ.ಎ. ಓದುತ್ತಾಳೆ. ಕರ್ನಾಟಕದ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಕೋರ್ಸು. ಹೆಸರು ಬೇಡ, ಅವರ ಮೇಲೆ ನನಗೆ ಸಿಟ್ಟಿಲ್ಲ. ಇದ್ದದ್ದು ಇಳಿದಿದೆ.

ನಮ್ಮ ಕಡೆಯವರಿಗೆ ಈ ಆನ್‌ಲೈನ್ ಕೋರ್ಸು ಎಷ್ಟು ದೊಡ್ಡ ಮಾತು ಎಂಬುದನ್ನು ಮೊದಲು ಹೇಳಬೇಕು. ರಾಜ್ಯದ ಮುಕ್ತ ವಿಶ್ವವಿದ್ಯಾಲಯಗಳ ದೂರಶಿಕ್ಷಣಕ್ಕೆ ರಾಜ್ಯದ ಗಡಿಯೇ ಬೇಲಿ. ಬೇಲಿ ದಾಟಿ ಜತ್ತದಲ್ಲೋ ಅಕ್ಕಲಕೋಟೆಯಲ್ಲೋ ತಾಳವಾಡಿಯಲ್ಲೋ ಅಧ್ಯಯನ ಕೇಂದ್ರ ತೆರೆಯುವಂತಿಲ್ಲ. 2020ರ ಸೆಪ್ಟೆಂಬರಿನಲ್ಲಿ ಯುಜಿಸಿ ಹೊರಡಿಸಿದ ನಿಯಮಾವಳಿಯಲ್ಲಿ ಆನ್‌ಲೈನ್ ಕೋರ್ಸುಗಳಿಗೆ ಮಾತ್ರ ಈ ಬೇಲಿ ಇಲ್ಲ. ಮಹಾರಾಷ್ಟ್ರದಲ್ಲಿ ಕುಳಿತು ಕರ್ನಾಟಕದ ಪದವಿ ಓದಬಹುದು. 2022ರಲ್ಲಿ ನೀರಿನ ಸಲುವಾಗಿ ಜತ್ತದ ಹಳ್ಳಿಗಳು ಯಾವ ರಾಜ್ಯಕ್ಕೆ ಸೇರಬೇಕು ಅಂತ ಎರಡೂ ಕಡೆಯ ಪೇಪರುಗಳಲ್ಲಿ ಗದ್ದಲವೋ ಗದ್ದಲ. ಆ ಗದ್ದಲದಲ್ಲಿ ಗ್ರಂಥಾಲಯದ ಮಾತು ನನ್ನ ಕಿವಿಗಂತೂ ಬೀಳಲಿಲ್ಲ.

ಪಾಠಗಳು ಚೆನ್ನಾಗಿದ್ದವು. ವಿಡಿಯೋ ತೆರೆಯುತ್ತಿತ್ತು, ಮೇಷ್ಟ್ರ ಮಾತು ಸ್ವಚ್ಛ ಕೇಳುತ್ತಿತ್ತು. ತೊಡಕು ಬಂದದ್ದು ಮೊದಲ ನಿಯೋಜಿತ ಬರಹಕ್ಕೆ. ಶಾಸನಗಳ ಭಾಷೆಯ ಬಗ್ಗೆ ಬರೆಯಬೇಕು, ಪುಟದ ಕೊನೆಗೆ ಓದಬೇಕಾದ ಏಳು ಪುಸ್ತಕ-ಲೇಖನಗಳ ಪಟ್ಟಿ. ಒಂದನ್ನು ಒತ್ತಿದರೆ 'ನಿಮ್ಮ ಅವಧಿ ಮುಗಿದಿದೆ' ಅಂತ ಬಂತು. ಇನ್ನೊಂದು ಒತ್ತಿದರೆ ಇಂಗ್ಲಿಷಿನ ಒಂದು ಲೇಖನಕ್ಕೆ ಡಾಲರ್ ಲೆಕ್ಕದಲ್ಲಿ ರೊಕ್ಕ ಕೇಳಿತು. ಮಿಕ್ಕವುಗಳಲ್ಲಿ ನಾಲ್ಕಕ್ಕೆ ಲಿಂಕೇ ಇಲ್ಲ, 'ಗ್ರಂಥಾಲಯದಲ್ಲಿ ನೋಡಿರಿ' ಎಂದಷ್ಟೇ. ಯಾವ ಗ್ರಂಥಾಲಯ? ಕನ್ನಡ ಪುಸ್ತಕಕ್ಕೆ ನಮಗೆ ಸಮೀಪದ ದೊಡ್ಡ ಊರು ವಿಜಯಪುರ. ಹೋಗಿ ಬರುವುದರಲ್ಲಿ ಒಂದು ದಿನ ಮುಗಿಯುತ್ತದೆ, ಹೋದರೂ ಹೊರಗಿನವರಿಗೆ ಪುಸ್ತಕ ಮನೆಗೆ ಕೊಡುವುದಿಲ್ಲ. ಫೀ ರಸೀದಿಯಲ್ಲಿ ಗ್ರಂಥಾಲಯ ಶುಲ್ಕ ಅಂತ ಬೇರೆ ಸಾಲೇ ಇತ್ತು. ವ್ಯಾಪಾರಿಯ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ರೊಕ್ಕ ತಗೊಂಡ ಮೇಲೆ ಮಾಲು ಕೊಡಬೇಕಲ್ಲ!

ರಸೀದಿಯ ಮೇಲಿದ್ದ ನಂಬರಿಗೆ ಫೋನ್ ಹಚ್ಚಿದೆವು. ಮೂರು ಕಡೆ ತಿರುಗಿಸಿ ಕೊನೆಗೆ ಗ್ರಂಥಾಲಯಕ್ಕೆ ಕೊಟ್ಟರು. ಫೋನಿಗೆ ಬಂದ ಹೆಣ್ಣುಮಗಳು ಸಮಾಧಾನದಿಂದ ಎಲ್ಲ ಕೇಳಿಸಿಕೊಂಡು, "ಪಾಠದ ಪುಟ ಮಾಡೋರು ಒಂದ್ ಕಡೆ, ನಾವ್ ಒಂದ್ ಕಡೆ. ಲಿಂಕ್ ಹಾಕೋವಾಗ ನಮ್ಮನ್ನ ಯಾರೂ ಕೇಳಲಿಲ್ಲ" ಎಂದರು. ರೋಗ ಅಲ್ಲೇ ಇತ್ತು. ಮುಂದಿನ ಹತ್ತು ದಿನದಲ್ಲಿ ಆಕೆ ನಾಲ್ಕೈದು ಸಲ ಫೋನಿನಲ್ಲಿ ತಿಳಿಸಿ ಹೇಳಿದ್ದನ್ನೇ ನಮ್ಮ ವ್ಯಾಪಾರದ ಮಾತಿಗೆ ತಂದು ಹೇಳುತ್ತೇನೆ, ಏಕೆಂದರೆ ಗಡಿಯಾಚೆಯ ಎಷ್ಟೋ ಮನೆಗಳಲ್ಲಿ ಈಗ ಮಕ್ಕಳು ಹೀಗೆ ಮೊಬೈಲಿನಲ್ಲಿ ಓದುತ್ತಿದ್ದಾರೆ.

'ಅವಧಿ ಮುಗಿದಿದೆ' ಎಂದ ಲಿಂಕು ಮೇಷ್ಟ್ರು ತಮ್ಮ ಕಂಪ್ಯೂಟರಿನ ಮೇಲ್ತುದಿಯಿಂದ ಎತ್ತಿ ಅಂಟಿಸಿದ್ದು. ಅದು ಮಾರುಕಟ್ಟೆ ಸಮಿತಿಯ ಗೇಟ್‌ಪಾಸ್ ಇದ್ದಂತೆ, ಆ ದಿನಕ್ಕೆ ಮಾತ್ರ, ಪಡೆದವನಿಗೆ ಮಾತ್ರ. ಹಾಕಬೇಕಾದದ್ದು ಕಾಯಂ ವಿಳಾಸ. ಸಂಶೋಧನಾ ಲೇಖನಗಳಿಗೆ ಡಿಒಐ ಎಂಬ ಕಾಯಂ ನಂಬರು ಇರುತ್ತದೆ. ಹೊಲ ಯಾರ ಕೈಗೆ ಹೋದರೂ ಸಾತ್‌ಬಾರಾ ಉತಾರದಲ್ಲಿ ಗಟ್ ನಂಬರು ಹಿಡಿದು ಹುಡುಕುತ್ತೇವಲ್ಲ, ಹಾಗೆ. ಪ್ರಕಾಶಕರ ತಾಣ ಬದಲಾದರೂ ಆ ನಂಬರು ಒಯ್ದು ಸರಿಯಾದ ಜಾಗಕ್ಕೆ ಮುಟ್ಟಿಸುತ್ತದೆ.

ಡಾಲರ್ ಕೇಳಿದ್ದರ ಕತೆ ಬೇರೆ. ಆ ಲೇಖನಕ್ಕೆ ವಿಶ್ವವಿದ್ಯಾಲಯ ಆಗಲೇ ಚಂದಾ ಕಟ್ಟಿತ್ತು! ಆದರೆ ಕಟ್ಟಿದವರು ಯಾರು ಅಂತ ಪ್ರಕಾಶಕರು ಗುರುತಿಸುವುದು ಕ್ಯಾಂಪಸ್ಸಿನ ಇಂಟರ್‌ನೆಟ್ ವಿಳಾಸದಿಂದ. ಕ್ಯಾಂಪಸ್ಸಿನಲ್ಲಿ ಕುಳಿತು ಒತ್ತಿದರೆ ಬಾಗಿಲು ತಾನೇ ತೆರೆಯುತ್ತದೆ, ಜತ್ತದಿಂದ ಒತ್ತಿದರೆ ನಾವು ದಾರಿಹೋಕರು. ಪಾಠದ ಪುಟ ಮಾಡಿದವರು ಕ್ಯಾಂಪಸ್ಸಿನಲ್ಲೇ ಪರೀಕ್ಷಿಸಿ ನೋಡಿದ್ದರಿಂದ ಅವರಿಗೆ ತಪ್ಪು ಕಾಣಲೇ ಇಲ್ಲ. ಇದಕ್ಕೆ ಮದ್ದು ಹೊಸದೇನಲ್ಲ. ಅಮೆರಿಕದ ಅರಿಝೋನಾದ ಒಂದು ಸಮುದಾಯ ಕಾಲೇಜಿನ ಗ್ರಂಥಪಾಲ ಕ್ರಿಸ್ ಝಗರ್ 1999ರಲ್ಲಿಯೇ ಈಝಡ್‌ಪ್ರಾಕ್ಸಿ ಎಂಬ ತಂತ್ರಾಂಶ ಬರೆದ. ಲಿಂಕಿನ ಮುಂದೆ ಗ್ರಂಥಾಲಯದ ವಿಳಾಸದ ಒಂದು ತುಣುಕು ಸೇರಿಸಿದರೆ ಸಾಕು. ವಿದ್ಯಾರ್ಥಿ ತನ್ನ ನಂಬರು-ಪಾಸ್‌ವರ್ಡ್ ಕೊಡುತ್ತಾನೆ, ಗ್ರಂಥಾಲಯದ ಯಂತ್ರ ಅವನ ಪರವಾಗಿ ಒಳಗೆ ಹೋಗಿ ಲೇಖನ ತಂದು ಕೊಡುತ್ತದೆ. ಪರ್ಮಿಟ್ ಇದ್ದ ಲಾರಿಯಲ್ಲಿ ನಮ್ಮ ಮಾಲು ಹೋದಂತೆ. ನಮ್ಮ ದೇಶದಲ್ಲಿ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ 'ಇನ್‌ಫೆಡ್' ಎಂಬ ವ್ಯವಸ್ಥೆಯಿಂದ ಇದೇ ಕೆಲಸಕ್ಕೆ ದಾರಿ ಮಾಡಿದೆ. ಸೇರಿಕೊಂಡ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ಎಲ್ಲಿಂದಾದರೂ ತಮ್ಮ ಹೆಸರಿನ ಮೇಲೆ ಒಳಹೋಗಬಹುದು. 'ಒಂದು ದೇಶ ಒಂದು ಚಂದಾ' ಯೋಜನೆಗೆ ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು, ಸರ್ಕಾರದ ಕೈಕೆಳಗಿನ 6,300ರಷ್ಟು ಸಂಸ್ಥೆಗಳಿಗೆ. ಇಷ್ಟು ರೊಕ್ಕ ಕಟ್ಟಿದ ಮೇಲೂ ಪಾಠದ ಪುಟದಲ್ಲಿ ಲಿಂಕು ತಪ್ಪಾಗಿ ಬಿದ್ದರೆ ಹುಡುಗಿಯ ಪಾಲಿಗೆ ಆ ಬಾಗಿಲು ಮುಚ್ಚಿದ್ದೇ.

ಈಗ ಕನ್ನಡದ ಮಾತು. ಆ 13,000ದಲ್ಲಿ ಬಹುತೇಕ ಎಲ್ಲ ಇಂಗ್ಲಿಷು. ನಮ್ಮ ಹುಡುಗಿಗೆ ಬೇಕಾದ ನಾಲ್ಕು ಕನ್ನಡ ಪುಸ್ತಕಗಳು ಅಚ್ಚಿನಲ್ಲಿ ಮಾತ್ರ ಇದ್ದವು, ಎರಡು ಅಂಗಡಿಯಲ್ಲೂ ಸಿಗುವುದಿಲ್ಲ. ಗ್ರಂಥಾಲಯದ ಕಪಾಟಿನಲ್ಲಿ ಪ್ರತಿ ಇದೆ. "ಬೇಕಾದ ಅಧ್ಯಾಯ ಸ್ಕ್ಯಾನ್ ಮಾಡಿ ಪುಟದಾಗ ಹಾಕ್ರೆಲ್ಲ" ಎಂದೆ. ಮೇಷ್ಟ್ರಿಗೆ ಹಕ್ಕುಸ್ವಾಮ್ಯದ ಭಯವಂತೆ. ದೆಹಲಿ ವಿಶ್ವವಿದ್ಯಾಲಯದ ಝೆರಾಕ್ಸ್ ಅಂಗಡಿಯ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಟೇಲರ್ ಆಂಡ್ ಫ್ರಾನ್ಸಿಸ್ ಪ್ರಕಾಶನಗಳು ದಾವೆ ಹೂಡಿದ್ದವು, ಪಠ್ಯದ ಅಧ್ಯಾಯಗಳನ್ನು ಸೇರಿಸಿ ಕಟ್ಟು ಮಾಡಿ ಮಾರುತ್ತಾನೆ ಅಂತ. ದೆಹಲಿ ಹೈಕೋರ್ಟ್ 2016ರ ಸೆಪ್ಟೆಂಬರ್ 16ರಂದು ಆ ದಾವೆ ವಜಾ ಮಾಡಿತು. ಅದೇ ಡಿಸೆಂಬರಿನಲ್ಲಿ ವಿಭಾಗೀಯ ಪೀಠ ದಾವೆಗೆ ಮತ್ತೆ ಜೀವ ಕೊಟ್ಟರೂ, ಪಾಠದ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟು ಪ್ರತಿ ಮಾಡುವುದಕ್ಕೆ ಕಾಯ್ದೆಯ 52ನೇ ಕಲಮಿನಲ್ಲಿ ಜಾಗ ಇದೆ ಎಂದಿತು. 2017ರಲ್ಲಿ ಪ್ರಕಾಶಕರೇ ದಾವೆ ಹಿಂದಕ್ಕೆ ತಗೊಂಡರು. ಆ ತೀರ್ಪು ಕಾಗದದ ಪ್ರತಿಯ ಬಗ್ಗೆ, ಆನ್‌ಲೈನ್ ಪುಟದ ಬಗ್ಗೆ ಅಲ್ಲ. ಅದಕ್ಕೇ ಗ್ರಂಥಪಾಲರು ಎಚ್ಚರದಿಂದ ನಡೆದರು: ಇಡೀ ಪುಸ್ತಕ ಬೇಡ, ಆ ವಾರದ ಪಾಠಕ್ಕೆ ಬೇಕಾದ ಅಧ್ಯಾಯ ಸಾಕು, ಅದೂ ಪಾಸ್‌ವರ್ಡಿನ ಒಳಗೆ. ಬರೆದವರಿಗೂ ಹೊಟ್ಟೆ ಇದೆ ಎಂಬುದು ನನಗೂ ಒಪ್ಪಿಗೆಯೇ.

ಉಳಿದ ಒಂದು ಹಳೆಯ ಪುಸ್ತಕ ಬಿಟ್ಟಿ ಸಿಗುವಂಥದೇ ಆಗಿತ್ತು, ಹುಡುಕುವುದೇ ಫಜೀತಿ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದವರು ಸ್ಕ್ಯಾನ್ ಮಾಡಿಟ್ಟ ಕನ್ನಡ ಪುಸ್ತಕಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಮನಸ್ಸಿಗೆ ಬಂದಂತೆ ಬರೆದಿದ್ದಾರೆ, 'ಶಾಸನ' ಎಂಬುದಕ್ಕೆ ನಾಲ್ಕು ತರಹದ ಸ್ಪೆಲಿಂಗು. ಈ ಹೆಸರುಗಳನ್ನು ಜನರ ಕೈಯಿಂದ ಕನ್ನಡಕ್ಕೆ ತಿರುಗಿಸಿ ಹುಡುಕುವಂತೆ ಮಾಡಿದ ಪುಣ್ಯ ಸಂಚಯ ಬಳಗದ್ದು. ಅವರ 'ಪುಸ್ತಕ ಸಂಚಯ'ದಲ್ಲಿ ಕನ್ನಡದಲ್ಲೇ ಟೈಪ್ ಮಾಡಿದೆವು, ಸಿಕ್ಕಿತು. ಪಿಎಚ್‌ಡಿ ಪ್ರಬಂಧಗಳಿಗೆ ಇನ್‌ಫ್ಲಿಬ್‌ನೆಟ್‌ನ ಶೋಧಗಂಗಾ ಇದೆ. ಕನ್ನಡ ಪ್ರಬಂಧಗಳೂ ಅಲ್ಲಿವೆ, ರೊಕ್ಕವಿಲ್ಲ. ಖರಗ್‌ಪುರದ ಐಐಟಿ ಕಟ್ಟಿದ, 2018ರಲ್ಲಿ ದೇಶಕ್ಕೆ ತೆರೆದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವೂ ಇದೆ. ಇವೆಲ್ಲದರ ಲಿಂಕನ್ನು ಪುಟದ ತಳದಲ್ಲಿ ಒಂದೇ ಗಂಟು ಕಟ್ಟಿ ಇಟ್ಟರೆ ಯಾರೂ ಬಿಚ್ಚುವುದಿಲ್ಲ. ಮೂರನೇ ವಾರದ ಪಾಠದ ಪಕ್ಕದಲ್ಲೇ ಮೂರನೇ ವಾರದ ಅಧ್ಯಾಯ ಇರಬೇಕು. ಗೊಂದಲವಾದರೆ ಕೇಳಲು ಗ್ರಂಥಾಲಯದ ಫೋನ್ ನಂಬರೂ ಅಲ್ಲೇ ಇರಬೇಕು. ಇಷ್ಟು ಮಾಡಲು ಬೇಕಾದ ಮೂಡಲ್‌ನಂಥ ತಂತ್ರಾಂಶ 2002ರಿಂದ ಬಿಟ್ಟಿಯಾಗಿ ಸಿಗುತ್ತಿದೆ. ಮೇಷ್ಟ್ರು ಮತ್ತು ಗ್ರಂಥಪಾಲರು ಒಂದು ಮಧ್ಯಾಹ್ನ ಎದುರುಬದುರು ಕೂಡಬೇಕು, ಅಷ್ಟೇ ಖರ್ಚು.

ಅವರು ಕೂಡಿದರು. ಆದರೆ ಅಷ್ಟರಲ್ಲಿ ಬರಹ ಒಪ್ಪಿಸುವ ದಿನ ದಾಟಿತ್ತು. ಹುಡುಗಿ ವಿಡಿಯೋದಲ್ಲಿ ಕೇಳಿದ್ದನ್ನಷ್ಟೇ ಬರೆದು ಕಳಿಸಿದಳು. 'ಆಕರಗಳನ್ನು ಬಳಸಿಲ್ಲ' ಅಂತ ಷರಾ ಬಂತು, ಅಂಕ ಹೋಯಿತು. ಎರಡು ದಿನ ಅಂಗಡಿಗೆ ಬರಲಿಲ್ಲ. ಮೂರನೇ ದಿನ ಬಂದು, ಮುಂದಿನ ಪಾಠಗಳಲ್ಲಿ ಯಾವ್ಯಾವ ಲಿಂಕು ಸತ್ತಿವೆ ಅಂತ ನಮ್ಮ ಬಾಕಿ ವಹಿಯ ಹಿಂಬದಿಯಲ್ಲಿ ಪಟ್ಟಿ ಮಾಡತೊಡಗಿದಳು. ತಿಂಗಳಿಗೊಮ್ಮೆ ಅದರ ಫೋಟೋ ಗ್ರಂಥಾಲಯಕ್ಕೆ ಹೋಗುತ್ತದೆ, ಅಲ್ಲಿಂದ ಮೇಷ್ಟ್ರಿಗೆ.

ಮೊದಲ ಪಟ್ಟಿಯ ಏಳರಲ್ಲಿ ಈಗ ಆರು ಜತ್ತದಲ್ಲೇ ತೆರೆಯುತ್ತವೆ. ಏಳನೆಯದರ ಪ್ರತಿ ಗ್ರಂಥಾಲಯದಿಂದಲೂ ಕಳೆದಿದೆಯಂತೆ. ವಿಜಯಪುರಕ್ಕೆ ದ್ರಾಕ್ಷಿ ಒಯ್ಯುವ ಟೆಂಪೋದವನ ಕೈಯಲ್ಲಿ ಹಳೇ ಪುಸ್ತಕದ ಅಂಗಡಿಗೆ ಚೀಟಿ ಕೊಟ್ಟಿದ್ದೇನೆ.