ನಾಲ್ಕು ತಾಲ್ಲೂಕಿನ ಅಳತೆಗೋಲು

ಜಗಳೂರಿನಲ್ಲಿ ಸೂರ್ಯ ಹುಟ್ಟಿ ಸುಮಾರು ಮೂರು ನಿಮಿಷ ಕಳೆದ ಮೇಲೆ ನ್ಯಾಮತಿಯಲ್ಲಿ ಹುಟ್ಟುತ್ತಾನೆ. ಎರಡೂ ದಾವಣಗೆರೆ ಜಿಲ್ಲೆಯ ಊರುಗಳೇ, ಗೋಡೆಯ ಗಡಿಯಾರ ತೋರಿಸುವ ಹೊತ್ತೂ ಒಂದೇ. ಆದರೆ ಪೂರ್ವ–ಪಶ್ಚಿಮವಾಗಿ ಎರಡರ ನಡುವೆ ಸುಮಾರು 80 ಕಿಲೋಮೀಟರ್ ಅಂತರವಿದೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೋಗುವವರಿಗೆ ಗಂಟೆಗಟ್ಟಲೆ ಹಿಡಿಯುವ ಈ ದಾರಿಯನ್ನು ಭೂಮಿ ಮೂರು ನಿಮಿಷದಲ್ಲಿ ಮುಗಿಸುತ್ತದೆ. ಕಾರಣ, ನಮ್ಮ ಅಕ್ಷಾಂಶದಲ್ಲಿ ಅದು ತಿರುಗುವ ವೇಗ ಗಂಟೆಗೆ ಸುಮಾರು 1,620 ಕಿ.ಮೀ. ನಾವು ಜಗಲಿ ಮೇಲೆ ಸುಮ್ಮನೆ ಕೂತಿದ್ದರೂ ಆ ವೇಗ ನಮಗೂ ಇದೆ.

ಪ್ರಪಂಚ ಭೂಗೋಳದ ಮೊದಲ ಪಾಠ ಖಂಡಗಳು. ಏಳು ಹೆಸರನ್ನು ಮಕ್ಕಳು ಒಂದೇ ಸಂಜೆಯಲ್ಲಿ ಬಾಯಿಪಾಠ ಮಾಡಿಬಿಡುತ್ತಾರೆ. ಏಷ್ಯಾದ ವಿಸ್ತೀರ್ಣ ಸುಮಾರು 4.45 ಕೋಟಿ ಚದರ ಕಿ.ಮೀ. ಎಂದರೆ ಮಾತ್ರ ಆ ಅಂಕಿ ತಲೆಯೊಳಗೆ ನಿಲ್ಲುವುದಿಲ್ಲ, ಅಳೆಯಲು ಕಣ್ಣಳತೆಯ ಕೋಲು ಬೇಕು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕೂ ತಾಲ್ಲೂಕು ಸೇರಿದರೆ ಹೆಚ್ಚುಕಡಿಮೆ 3,000 ಚದರ ಕಿ.ಮೀ. ಆಗುತ್ತದೆ. ಅದನ್ನೇ ಒಂದು ತುಂಡು ಅಂದುಕೊಳ್ಳೋಣ. ಏಳರಲ್ಲಿ ಚಿಕ್ಕದಾದ ಆಸ್ಟ್ರೇಲಿಯಾವನ್ನು ಮುಚ್ಚಲು ಇಂಥ 2,500 ತುಂಡು ಬೇಕು. ಯುರೋಪಿಗೆ 3,400, ಅಂಟಾರ್ಕ್ಟಿಕಾಕ್ಕೆ 4,700, ದಕ್ಷಿಣ ಅಮೆರಿಕಕ್ಕೆ 5,900, ಉತ್ತರ ಅಮೆರಿಕಕ್ಕೆ 8,200, ಆಫ್ರಿಕಾಕ್ಕೆ 10,000, ಏಷ್ಯಾಕ್ಕೆ ಬರೋಬ್ಬರಿ 15,000. ಇಡೀ ಪ್ರಪಂಚದ ನೆಲಕ್ಕೆ ಸುಮಾರು 50,000 ತುಂಡು. ಶಾಂತ ಸಾಗರ ಒಂದಕ್ಕೇ 55,000! ಏಳು ಖಂಡಗಳನ್ನೂ ಅದರೊಳಗೆ ಸುರಿದರೂ ಇನ್ನೂ ಜಾಗ ಮಿಗುತ್ತದೆ.

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯನ್ನು, ಅಂದರೆ ಶಾಂತಿಸಾಗರವನ್ನು, ಏಷ್ಯಾದ ಎರಡನೇ ದೊಡ್ಡ ಕೆರೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಏರಿ ಮೇಲೆ ನಿಂತವರಿಗೆ ಆಚೆ ದಡ ಮಸುಕಾಗಿ ಕಾಣುತ್ತದೆ. ನೀರು ಹರಡುವ ಜಾಗ ಸುಮಾರು 6,550 ಎಕರೆ, ಎಂದರೆ 26 ಚದರ ಕಿ.ಮೀ.ಗಿಂತ ತುಸು ಹೆಚ್ಚು. ಜನ ಮಣ್ಣು ಹೊತ್ತು ಕಟ್ಟಿದ ಕೆರೆಗೆ ಇದು ಸಣ್ಣ ಅಳತೆಯಲ್ಲ. ಆದರೆ ಏಷ್ಯಾ ಮತ್ತು ಯುರೋಪಿನ ನಡುವೆ ತಾನಾಗಿ ಉಂಟಾದ ಕ್ಯಾಸ್ಪಿಯನ್ ಸರೋವರದಲ್ಲಿ ಇಂಥ 14,000 ಸೂಳೆಕೆರೆಗಳು ಹಿಡಿಸುತ್ತವೆ. ಅದು ಕರ್ನಾಟಕದ ಹತ್ತಿರ ಹತ್ತಿರ ಎರಡರಷ್ಟು.

ಶಾಲೆಯ ಗೋಡೆಗೆ ತೂಗುಹಾಕಿದ ನಕ್ಷೆ ಈ ಗಾತ್ರಗಳನ್ನು ಸರಿಯಾಗಿ ತೋರಿಸುತ್ತದೆ ಎಂದು ನಂಬಬೇಡಿ. ಮರ್ಕೇಟರ್ ಎಂಬಾತ 1569ರಲ್ಲಿ ನಾವಿಕರಿಗೆಂದು ಮಾಡಿದ ಬಗೆಯ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಅದರ 14 ಪಟ್ಟು, ಭಾರತವೇ ಅದರ ಒಂದೂವರೆ ಪಟ್ಟು. ಆ ನಕ್ಷೆಯಲ್ಲಿ ಧ್ರುವದ ಕಡೆಗೆ ಹೋದಷ್ಟೂ ನೆಲ ಉಬ್ಬುತ್ತದೆ. ಹೊನ್ನಾಳಿಯ ನೆಲ ನೂರಕ್ಕೆ ಆರರಷ್ಟು ಉಬ್ಬಿದರೆ, ಗ್ರೀನ್‌ಲ್ಯಾಂಡಿನ ನಡುಭಾಗ ಹತ್ತು ಪಟ್ಟು ಉಬ್ಬುತ್ತದೆ. ಖಂಡಗಳ ನಿಜವಾದ ಗಾತ್ರ ನೋಡಬೇಕಾದರೆ ಗ್ಲೋಬೇ ಆಗಬೇಕು.

ಗ್ಲೋಬ್ ಮೇಲೆ ಹೊನ್ನಾಳಿ ಇರುವ ಹದಿನಾಲ್ಕು ಡಿಗ್ರಿ ಅಕ್ಷಾಂಶದ ಜಾಡಿನಲ್ಲಿ ಪಡುವಣಕ್ಕೆ ಬೆರಳು ಸರಿಸಿ. ಹೊನ್ನಾವರದ ಹತ್ತಿರ ನೆಲ ಮುಗಿಯುತ್ತದೆ. ಅರಬ್ಬಿ ಸಮುದ್ರ ದಾಟಿದರೆ ಯೆಮೆನ್. ಬಾಬಾ ಬುಡನ್ ಕಾಫಿ ಬೀಜ ತಂದರು ಎನ್ನುವ ಮೋಖಾ ಬಂದರು ಅದೇ ದೇಶದ್ದು. ಕೆಂಪು ಸಮುದ್ರದಾಚೆ ಎರಿಟ್ರಿಯಾದಿಂದ ಸೆನೆಗಲ್‌ವರೆಗೆ 6,000 ಕಿ.ಮೀ.ಗೂ ಮೀರಿದ ಆಫ್ರಿಕಾ. ಅಟ್ಲಾಂಟಿಕ್ ಮುಗಿದರೆ ನಿಕರಾಗುವಾ, ಹೊಂಡುರಾಸ್, ಗ್ವಾಟೆಮಾಲಾ. ಇವೆಲ್ಲ ಉತ್ತರ ಅಮೆರಿಕ ಖಂಡದವು. ಅಲ್ಲಿಂದ ಫಿಲಿಪೀನ್ಸ್‌ವರೆಗೆ ಸುಮಾರು 15,500 ಕಿ.ಮೀ. ಉದ್ದಕ್ಕೂ ನೀರೇ ನೀರು. ಮುಂದೆ ವಿಯೆಟ್ನಾಂ, ಥಾಯ್ಲೆಂಡ್, ಮ್ಯಾನ್ಮಾರ್, ಬಂಗಾಳ ಕೊಲ್ಲಿ, ಆಂಧ್ರ. ಚಿತ್ರದುರ್ಗದ ಕೋಟೆ ಹಾಯ್ದು ಬೆರಳು ಮತ್ತೆ ಹೊನ್ನಾಳಿಗೆ ಬಂತು. ಒಟ್ಟು 38,800 ಕಿ.ಮೀ. ಸುತ್ತಿದರೂ ಮೆಟ್ಟಿದ್ದು ಮೂರೇ ಖಂಡ.

ಉಳಿದ ಖಂಡಗಳನ್ನು ನೋಡಲು ಜಗಳೂರಿನ ಹೊಲಕ್ಕೆ ಇಳಿದರಾಯಿತು. ಅಲ್ಲಿ ಬೆಳೆಯುವ ಮೆಕ್ಕೆಜೋಳವನ್ನು ಮೊದಲು ಪಳಗಿಸಿದ್ದು ಮೆಕ್ಸಿಕೊದಲ್ಲಿ, ಸುಮಾರು 9,000 ವರ್ಷಗಳ ಹಿಂದೆ. ಶೇಂಗಾ ದಕ್ಷಿಣ ಅಮೆರಿಕದ್ದು. ನಮ್ಮದೇ ಎಂದುಕೊಂಡ ರಾಗಿ ಮತ್ತು ಬಿಳಿಜೋಳದ ತವರು ಆಫ್ರಿಕಾ. ಬದುವಿನ ನೀಲಗಿರಿ ಮರ ಆಸ್ಟ್ರೇಲಿಯಾದ್ದು, ಸಂತೆಯ ಎಲೆಕೋಸು ಯುರೋಪಿನದು. ದಾವಣಗೆರೆಯ ಮಂಡಕ್ಕಿ–ಮಿರ್ಚಿ ತೆಗೆದುಕೊಳ್ಳಿ: ಮಂಡಕ್ಕಿಯ ಅಕ್ಕಿ, ಹಿಟ್ಟಿನ ಕಡಲೆ ಏಷ್ಯಾದವು, ಒಳಗಿನ ಮೆಣಸಿನಕಾಯಿ ಅಮೆರಿಕದ್ದು. ಇನ್ನು ರಂಗಯ್ಯನದುರ್ಗದ ಅಭಯಾರಣ್ಯದ ಕೊಂಡುಕುರಿ ಭಾರತ, ನೇಪಾಳ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಸಿಗದ ಅಪ್ಪಟ ಏಷ್ಯಾದ ಪ್ರಾಣಿ.

ಅಂಟಾರ್ಕ್ಟಿಕಾ ಒಂದು ಬಾಕಿ. ಅದು ಕಾಲಡಿಯ ನೆಲದಲ್ಲೇ ಇದೆ. ಹೊನ್ನಾಳಿ ಸೀಮೆಯ ಹಳೆಯ ಶಿಲೆಗಳಿಗೆ ಸುಮಾರು 300 ಕೋಟಿ ವರ್ಷ. ಅವು ಹುಟ್ಟಿದಾಗ ಈಗಿನ ಯಾವ ಖಂಡವೂ ಇರಲಿಲ್ಲ. ಮುಂದೆ ಗೊಂಡ್ವಾನಾ ಎಂಬ ಮಹಾಖಂಡದಲ್ಲಿ ಭಾರತ ಮತ್ತು ಅಂಟಾರ್ಕ್ಟಿಕಾ ಮಗ್ಗುಲಲ್ಲೇ ಇದ್ದವು. ಬೇರೆಯಾದದ್ದು ಸುಮಾರು 13 ಕೋಟಿ ವರ್ಷಗಳ ಹಿಂದೆ. ಮಡಗಾಸ್ಕರ್ ಕಳಚಿದ್ದು ಸುಮಾರು 9 ಕೋಟಿ ವರ್ಷಗಳ ಹಿಂದೆ, ಆಗ ಉಕ್ಕಿದ ಲಾವಾ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ಕಂಬವಾಗಿ ನಿಂತಿದೆ. ಭಾರತ ಇಂದಿಗೂ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಈಶಾನ್ಯಕ್ಕೆ ಸರಿಯುತ್ತಿದೆ. ದಾವಣಗೆರೆ ಜಿಲ್ಲೆಯಾದ 1997ರಿಂದ 2022ರ ತನಕದ 25 ವರ್ಷದಲ್ಲಿ ಇಡೀ ಜಿಲ್ಲೆ ಒಂದೂಕಾಲು ಮೀಟರಿನಷ್ಟು ಜರುಗಿದೆ. ಗಡಿಕಲ್ಲುಗಳೂ ಜೊತೆಗೇ ಬಂದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ, ಅಷ್ಟೆ.

ಮೇಷ್ಟ್ರುಗಳಲ್ಲಿ, ಮನೆಯ ಹಿರಿಯರಲ್ಲಿ ಒಂದು ವಿನಂತಿ. ಖಂಡಗಳ ಪಾಠವನ್ನು ಏಷ್ಯಾದಿಂದ ಶುರು ಮಾಡಬೇಡಿ, ಮಗುವಿನ ತಾಲ್ಲೂಕಿನಿಂದ ಶುರು ಮಾಡಿ. ತನ್ನ ಊರೆಷ್ಟು ದೊಡ್ಡದು ಎಂದು ತಿಳಿದ ಮಗುವಿಗೆ ಏಷ್ಯಾ ಎಷ್ಟು ದೊಡ್ಡದೆಂದು ಬಾಯಿಪಾಠ ಮಾಡಿಸಬೇಕಾಗಿಲ್ಲ, ಅದು ತಾನೇ ಲೆಕ್ಕ ಹಾಕುತ್ತದೆ.