ಮದುವೆ ಮಂಟಪಕ್ಕೆ ಹೊಲದ ಬದು ಸಾಕು

ಮದುವೆ ಮುಗಿದ ಮಾರನೇ ದಿನ ಯಾವುದಾದರೂ ಕಲ್ಯಾಣ ಮಂಟಪದ ಹಿಂದಕ್ಕೆ ಹೋಗಿ ನೋಡಿ. ಎಂಜಲೆಲೆಯ ಪಕ್ಕ ಇನ್ನೊಂದು ರಾಶಿ ಬಿದ್ದಿರುತ್ತದೆ. ಮುರಿದ ಥರ್ಮೋಕೋಲು, ಬಣ್ಣ ಹೋದ ಪ್ಲಾಸ್ಟಿಕ್ ಹೂವು, ನೈಲಾನ್ ದಾರ, ಹಸಿರು ಸ್ಪಂಜಿನ ತುಂಡು. ಎಲೆ ಹುಡುಕುವ ದನ ದಾರವನ್ನೂ ನುಂಗುತ್ತದೆ. ಎಂಜಲೆಲೆ ಕೊಳೆತು ಗೊಬ್ಬರ ಆಗುತ್ತೆ. ಆ ಇನ್ನೊಂದು ರಾಶಿ ಮೊಮ್ಮಕ್ಕಳ ಮದುವೆಗೂ ಅಲ್ಲೇ ಇರುತ್ತೆ.

ನಮ್ಮದು ಹೊಳಲ್ಕೆರೆ ತಾಲ್ಲೂಕಿನ ತಾಳ್ಯ. ನಾಲ್ಕು ಎಕರೆ ಮಳೆ ನಂಬಿದ ಹೊಲ. ಮೆಕ್ಕೆಜೋಳ, ರಾಗಿ, ಸಾಲಿನ ನಡುವೆ ಅವರೆ, ತೊಗರಿ. ಆರು ವರ್ಷದಿಂದ ನಾವು ಮೂರು ಮನೆಯವರು ಸೇರಿ ಸುತ್ತಲಿನ ಊರುಗಳ ಮದುವೆ, ಗೃಹಪ್ರವೇಶ, ಗಣಪತಿ ಚಪ್ಪರಗಳಿಗೆ ಕೈಯಾರೆ ಅಲಂಕಾರ ಮಾಡಿಕೊಡುತ್ತಿದ್ದೇವೆ. ಅಂಗಡಿಯಿಂದ ತರುವುದು ಹತ್ತಿ ದಾರ ಒಂದೇ. ಮಿಕ್ಕಿದ್ದೆಲ್ಲ ಹೊಲ, ಬದು, ಗುಡ್ಡ, ಪಕ್ಕದ ತೋಟದ್ದು.

ಶುರುವಾಗಿದ್ದು ಸಿಟ್ಟಿನಿಂದ. ಒಂದು ವರ್ಷ ಹತ್ತು ಗುಂಟೆಗೆ ಚೆಂಡು ಹೂ ಹಾಕಿದ್ದೆ. ಹಬ್ಬ ಕಳೆದ ಮೇಲೆ ಕೆಜಿಗೆ 6 ರೂಪಾಯಿ ಅಂದರು. ಬಿಡಿಸುವ ಕೂಲಿಯೂ ಹುಟ್ಟಲ್ಲ. ಗಿಡದಲ್ಲೇ ಬಿಟ್ಟು ಕುಂಟೆ ಹೊಡೆದೆ. ಅದೇ ವಾರ ನೆಂಟರ ಮದುವೆಗೆ ಹೋದರೆ ಮಂಟಪದ ತುಂಬ ಚೆಂಡು ಹೂವಿನ ಮಾಲೆ! ಹತ್ತಿರ ಹೋಗಿ ಮುಟ್ಟಿದೆ, ಪ್ಲಾಸ್ಟಿಕ್ಕು. ಆ ಸ್ಟೇಜಿಗೆ ಹೆಣ್ಣಿನ ಕಡೆಯವರು ಕೊಟ್ಟಿದ್ದು 35 ಸಾವಿರ. ಚಿತ್ರದುರ್ಗ, ಹಿರಿಯೂರು ಕಡೆ ಸೇವಂತಿಗೆ, ಚೆಂಡು ಹೂ, ಕನಕಾಂಬರ ಬೆಳೆಯೋರು ಎಷ್ಟು ಜನ ಇದ್ದಾರೆ. ಹೂ ಬೆಳೆಯೋ ಸೀಮೆಯಲ್ಲಿ ಹೂವಿಗೇ ಗಿರಾಕಿ ಇಲ್ಲ ಅಂದರೆ ಹೇಗೆ?

ಕಾನೂನು ಇಲ್ಲದೇ ಇಲ್ಲ. ನಮ್ಮ ರಾಜ್ಯ 2016ರಲ್ಲೇ ಪ್ಲಾಸ್ಟಿಕ್ ಚೀಲ, ಫ್ಲೆಕ್ಸು, ಬಂಟಿಂಗ್ಸ್ ನಿಷೇಧಿಸಿತು. ಅಲಂಕಾರದ ಥರ್ಮೋಕೋಲಿಗೆ 2022ರ ಜುಲೈ 1ರಿಂದ ಇಡೀ ದೇಶದಲ್ಲಿ ನಿಷೇಧ. ಆದರೆ ಆ 2022ರ ಪಟ್ಟಿಯಲ್ಲಿ ಪ್ಲಾಸ್ಟಿಕ್ ಹೂವಿನ ಹೆಸರಿಲ್ಲ. ನಮ್ಮ ಹೊಟ್ಟೆಗೆ ಹೊಡೆಯುವುದೇ ಅದು.

ಸ್ಪಂಜಿನ ಬದಲು ಬಾಳೆ

ಹಸಿರು ಸ್ಪಂಜಿನ ವಿಷಯ ರೈತರಿಗೆ ಅಷ್ಟಾಗಿ ಗೊತ್ತಿಲ್ಲ. ಹೂವಿನ ಬುಟ್ಟಿಯ ಒಳಗೆ ನೀರು ಹಿಡಿಯಲು ಇಡುತ್ತಾರೆ. 1954ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ನೋಡಲು ಪಾಚಿಯಂತೆ ಕಂಡರೂ ಅದೂ ಪ್ಲಾಸ್ಟಿಕ್ಕೇ. ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಸೇರಿಸಿ ಮಾಡುತ್ತಾರೆ. ಹೆಣ ಕೆಡದಂತೆ ಇಡುವ ಫಾರ್ಮಲಿನ್ ಇದೆಯಲ್ಲ, ಅದರಲ್ಲಿರುವುದೂ ಈ ಫಾರ್ಮಾಲ್ಡಿಹೈಡೇ. ಸ್ಪಂಜು ಕರಗಲ್ಲ, ಪುಡಿ ಪುಡಿ ಆಗಿ ಮಣ್ಣಿಗೆ, ಚರಂಡಿಗೆ ಸೇರುತ್ತದೆ. ಇಂಗ್ಲೆಂಡಿನ ರಾಯಲ್ ತೋಟಗಾರಿಕಾ ಸೊಸೈಟಿ 2021ರಿಂದ ತನ್ನ ಹೂವಿನ ಪ್ರದರ್ಶನಗಳಲ್ಲಿ ಇದನ್ನು ಬಳಸಬಾರದು ಅಂತ ಮಾಡಿದೆ. ಅಲ್ಲಿನವರು ಬಿಟ್ಟಿದ್ದನ್ನು ನಾವು ಈಗ ಕಲಿಯುತ್ತಿದ್ದೇವೆ.

ಇದಕ್ಕೆ ನಮ್ಮಲ್ಲಿ ಬದಲು ಇದೆ. ಅಡಿಕೆ ತೋಟದ ನಡುವೆ ಬಾಳೆ ಹಾಕಿದವರು ಗೊನೆ ಕಡಿದ ಮೇಲೆ ಕಾಂಡವನ್ನು ಅಲ್ಲೇ ಬಿಸಾಡುತ್ತಾರೆ. ಅದನ್ನು ಒಂದೊಂದು ಅಡಿಗೆ ತುಂಡು ಮಾಡಿ ತರುತ್ತೇವೆ. ಕಾಂಡದ ತುಂಬಾ ಗೂಡು ಗೂಡು, ಅದರಲ್ಲಿ ನೀರು. ತೆಂಗಿನ ಗರಿ ಕಡ್ಡಿಯಿಂದ ಮೊದಲು ತೂತು ಮಾಡಿ ಹೂವಿನ ತೊಟ್ಟು ಸಿಕ್ಕಿಸಬೇಕು. ತೊಟ್ಟು ಮೆತ್ತಗಿದ್ದರೆ ಹೂವಿಗೆ ಕಡ್ಡಿಯನ್ನೇ ಪೋಣಿಸಿ ಚುಚ್ಚಬಹುದು. ಸೇವಂತಿಗೆ ಒಂದೂವರೆ ದಿನ ಬಾಡದೆ ನಿಲ್ಲುತ್ತದೆ. ನಮ್ಮೂರ ಮದುವೆ ಅಷ್ಟರೊಳಗೆ ಮುಗಿದಿರುತ್ತೆ.

ಒಂದು ಎಚ್ಚರ. ಬಾಳೆ ಕರೆ ರೇಷ್ಮೆ ಸೀರೆಗೆ ಬಿದ್ದರೆ ಹೋಗಲ್ಲ. ಆಮೇಲೆ ಬೈಗುಳ ನಿಮಗೇ. ಹಿಂದಿನ ಸಂಜೆಯೇ ಕಡಿದು, ತುಂಡನ್ನು ನೆಟ್ಟಗೆ ನಿಲ್ಲಿಸಿ ರಾತ್ರಿಯೆಲ್ಲ ಕರೆ ಇಳಿಯಲು ಬಿಡಬೇಕು. ಬೆಳಗ್ಗೆ ಕೆಳಗೆ ಅಡಿಕೆ ಹಾಳೆ ಇಟ್ಟು ಅದರ ಮೇಲೆ ಕೂರಿಸಬೇಕು.

ಕಾಂಡದ ಹೊರಗಿನ ಪಟ್ಟೆ ಒಣಗಿಸಿದರೆ ನಾರು. ಹೂ ಕಟ್ಟುವ ಮುಂಚೆ ನೀರಲ್ಲಿ ನೆನೆಸಿ ಸೀಳಿಕೊಂಡರೆ ಆಯಿತು. ನಮ್ಮ ಅವ್ವನ ಕಾಲದಲ್ಲಿ ಹೂ ಕಟ್ಟುತ್ತಿದ್ದುದೇ ಇದರಲ್ಲಿ. ಹೂವಿಗೆ ಗಾಯ ಆಗಲ್ಲ, ತಂಪೂ ಇರುತ್ತದೆ. ಉದ್ದದ ಮಾಲೆಗೆ ಮಾತ್ರ ಹತ್ತಿ ದಾರ. ಮಾವಿನ ತೋರಣಕ್ಕೆ ಈಗ ಎಲ್ಲರೂ ಸ್ಟೇಪ್ಲರ್ ಪಿನ್ನು ಹೊಡೆಯುತ್ತಾರೆ. ಆ ಎಲೆಯನ್ನು ದನದ ಮುಂದೆ ಹಾಕುವ ಹಾಗಿಲ್ಲ. ನಾವು ಎಲೆ ಮಡಿಚಿ ಗರಿ ಕಡ್ಡಿಯ ಚೂರು ಚುಚ್ಚುತ್ತೇವೆ. ಕೈ ಕೂತ ಮೇಲೆ ಪಿನ್ನಿನಷ್ಟೇ ಬೇಗ ಆಗುತ್ತದೆ.

ಬೇಸಿಗೆಗೆ ಒಣ ಹೂವು

ನಿಜವಾದ ಕಷ್ಟ ಬೇಸಿಗೆಯದು. ಮದುವೆಗಳು ಜಾಸ್ತಿ ಇರುವುದೂ ಆಗಲೇ. ಹೂವಿಗೆ ರೇಟು ಏರಿರುತ್ತದೆ, ಬಿಸಿಲಿಗೆ ಮಧ್ಯಾಹ್ನದೊಳಗೆ ಬಾಡುತ್ತದೆ. ಪ್ಲಾಸ್ಟಿಕ್ ಹೂವು ಒಳಗೆ ಬಂದಿದ್ದೇ ಈ ಬಾಗಿಲಿಂದ. ಇಲ್ಲಿ ಒಣಭೂಮಿಯವರದೇ ಕೈ ಮೇಲು ಅಂತ ನನ್ನ ಲೆಕ್ಕ. ನಮ್ಮ ಬೆಳೆ ಒಣಗಿದರೂ ಚೆಂದ.

ನವಣೆ ತೆನೆ ನೋಡಿ. ತಾನಾಗಿಯೇ ಬಾಗಿ ನರಿ ಬಾಲದ ಹಾಗೆ ತೂಗುತ್ತದೆ. ಅದರ ಜೊತೆ ಸಜ್ಜೆ, ಜೋಳ, ರಾಗಿ ತೆನೆ. ಕಾಳು ಪೂರ್ತಿ ಬಲಿತು ಉದುರುವ ಮುಂಚೆ, ಒಂದು ಮೊಳ ದಂಟು ಬಿಟ್ಟು ಕೊಯ್ಯಬೇಕು. ಹತ್ತಿಪ್ಪತ್ತು ತೆನೆಯ ಹಿಡಿ ಕಟ್ಟಿ ನೆರಳಲ್ಲಿ ತಲೆಕೆಳಗೆ ನೇತು ಹಾಕಬೇಕು. ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ.

ಇನ್ನೊಂದು ಅಣ್ಣೆ ಹೂ. ಶೇಂಗಾ, ಜೋಳದ ಹೊಲದಲ್ಲಿ ಕಳೆ ಅಂತ ಕಿತ್ತು ಬದುವಿಗೆ ಎಸೆಯುವ ಗಿಡ. ನಸುಗೆಂಪು, ಬಿಳಿ ಬೆರೆತ ಕದಿರು. ಒಣಗಿದರೂ ಉದುರದೆ ತಿಂಗಳುಗಟ್ಟಲೆ ಹಾಗೇ ಇರುತ್ತದೆ. ಕೋಳಿಜುಟ್ಟಿನ ಹೂವು ಇದರದೇ ಜಾತಿ. ಆದರೆ ಬೀಜ ಕಪ್ಪಾಗುವ ಮುಂಚೆ ಕೊಯ್ಯಿರಿ. ತಡವಾದರೆ ಸಣ್ಣ ಕರೀ ಬೀಜ ಎಲ್ಲ ಕಡೆ ಚೆಲ್ಲಿ ಮುಂದಿನ ವರ್ಷ ಕಳೆ ತೆಗೆಯೋ ಹೆಂಗಸರು ನಿಮ್ಮನ್ನು ಸುಮ್ಮನೆ ಬಿಡಲ್ಲ.

ಇಲಿ ಕಾಟ ಬಲು ಜಾಸ್ತಿ. ಅಟ್ಟದಲ್ಲಿ ಇಟ್ಟರೆ ಒಂದು ರಾತ್ರಿಗೆ ತೆನೆ ಬೋಳು. ತೊಲೆಯಿಂದ ತಂತಿ ಇಳಿಬಿಟ್ಟು, ತಂತಿಗೆ ಚಿಪ್ಪು ಬೋರಲು ಪೋಣಿಸಿ ಅದರ ಕೆಳಗೆ ಕಟ್ಟಿದ್ದೇವೆ. ಚಿಪ್ಪು ದಾಟಿ ಇಲಿ ಇಳಿಯಲ್ಲ. ಹುಳಕ್ಕೆ ನಡುನಡುವೆ ಬೇವಿನ ಸೊಪ್ಪು.

ಇದು ಹೊಸದೇನಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬ ಕಡೆ ದೀವರು ಭತ್ತದ ತೆನೆ ಹೆಣೆದು ಬಾಗಿಲಿಗೆ ತೋರಣ ಕಟ್ಟುತ್ತಾರೆ. ಹಸೆ ಚಿತ್ತಾರದಷ್ಟೇ ನಾಜೂಕಿನ ಕೆಲಸ. ಅವರಿಗೆ ಭತ್ತ, ನಮಗೆ ನವಣೆ. ಥರ್ಮೋಕೋಲು ಬರುವ ಮುಂಚೆ ನೀರಲ್ಲಿ ಬೆಳೆಯುವ ಬೆಂಡಿನ ಗಿಡದ ತಿರುಳಿನಿಂದಲೇ ಬಾಸಿಂಗ ಮಾಡುತ್ತಿದ್ದರು. ಅಷ್ಟೇ ಬಿಳುಪು, ಅಷ್ಟೇ ಹಗುರ. ಮಾಡುವ ಕೈಗಳು ಈಗ ಕಡಿಮೆ.

ಕಮಾನಿಗೆ ಬಿದಿರು ಬೇಕು. ಅದು ಸಿಗದ ಕಡೆ ಲಂಟಾನ ಆಗುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದಲ್ಲಿ ಕುರ್ಚಿ, ಆಳೆತ್ತರದ ಆನೆ ಕೂಡ ಮಾಡುತ್ತಾರೆ. ಕಡ್ಡಿಯನ್ನು ನೀರಲ್ಲಿ ಬೇಯಿಸಿದರೆ ಸಿಪ್ಪೆ ಸುಲಿಯುತ್ತದೆ, ಹೇಳಿದ ಹಾಗೆ ಬಾಗುತ್ತದೆ. ಹಿಂದಿನ ಪರದೆಗೆ ಈಚಲು ಚಾಪೆ. ಅಡಿಕೆ ಸಿಂಗಾರ ಕೇಳುವವರಿದ್ದಾರೆ. ಶಾಸ್ತ್ರಕ್ಕೆ ಒಂದೆರಡು ಸರಿ, ಅಲಂಕಾರಕ್ಕೆ ಅಂತ ಹತ್ತಾರು ಕಡಿಯಬೇಡಿ, ಅಷ್ಟೂ ಗೊನೆ ಹೋಗುತ್ತದೆ.

ಲೆಕ್ಕಾಚಾರ

ಸಾಧಾರಣ ಮಂಟಪಕ್ಕೆ ನಾವು 9 ಸಾವಿರ ತೆಗೆದುಕೊಳ್ಳುತ್ತೇವೆ. ಹೂವಿಗೆ ಸುಮಾರು 2,500, ಹೂ ಕಟ್ಟುವವರ ಕೂಲಿ 3,000, ಬಿದಿರು, ಚಾಪೆ, ಗಾಡಿ ಬಾಡಿಗೆ 1,200. ಮಿಕ್ಕಿದ್ದನ್ನು ಮೂರು ಮನೆಗೆ ಹಂಚುತ್ತೇವೆ. ವರ್ಷಕ್ಕೆ ಹದಿನೈದರಿಂದ ಇಪ್ಪತ್ತು ಕೆಲಸ. ಶ್ರೀಮಂತಿಕೆ ಏನಿಲ್ಲ. ಆದರೆ ಕೂಲಿಯ ದುಡ್ಡು ಊರ ಹೆಂಗಸರ ಕೈಗೇ ಹೋಗುತ್ತೆ. ಬಿಡಿ ಹೂವು 6 ರೂಪಾಯಿಗೆ ಹೋದ ಕಾಲದಲ್ಲೂ ಕಟ್ಟಿದ ಮಾಲೆ ಮಾರಿಗೆ 30ಕ್ಕೆ ಕಮ್ಮಿ ಆಗಿಲ್ಲ. ಬೆಳೆಯೋದಕ್ಕಿಂತ ಕಟ್ಟೋದರಲ್ಲೇ ದುಡ್ಡು ಅಂತ ನಮ್ಮ ಮನೆಯಾಕೆ ಹೇಳುತ್ತಾಳೆ. ಅವಳೇ ಲೆಕ್ಕ ಬರೆಯೋದು, ಅದಕ್ಕೆ ಒಪ್ಪಿಕೊಂಡಿದ್ದೇನೆ.

ಎಲ್ಲರೂ ಮೆಚ್ಚುತ್ತಾರೆ ಅಂತಲ್ಲ. ಫೋಟೋದವರು "ಬಣ್ಣ ಸಾಲಲ್ಲ ಯಜಮಾನ್ರೆ" ಅಂತಾರೆ. ಎರಡು ದಿನದ ಆರತಕ್ಷತೆಗೆ ಹೂವು ಮತ್ತೆ ಹೊಸದು ಹಾಕಬೇಕು. ಹುಡುಗರಿಗೆ ಲೈಟು ಬೇಕೇ ಬೇಕು, ಅದಕ್ಕೆ ನಾವು ಅಡ್ಡ ಬರಲ್ಲ.

ಚೆಂಡು ಹೂ ಈಗಲೂ ಹಾಕುತ್ತೇನೆ. ಹತ್ತು ಗುಂಟೆ ಒಟ್ಟಿಗೆ ಅಲ್ಲ, ಮೂರು ಮೂರು ಗುಂಟೆ, ಹದಿನೈದು ದಿನ ಬಿಟ್ಟು ಬಿಟ್ಟು. ಮಡಿಯಿಂದ ಕಿತ್ತು ನೆಟ್ಟ ಮೇಲೆ ಸುಮಾರು 50 ದಿನಕ್ಕೆ ಹೂವು. ತುದಿ ಚಿವುಟಿದರೆ ಕವಲು ಜಾಸ್ತಿ. ಇನ್ನು ನವಣೆಗೆ ಬೇರೆ ಜಾಗ ಬೇಡ, ರಾಗಿ ಹೊಲದ ಅಂಚಿಗೆ ಎರಡು ಸಾಲು ಸಾಕು.

ಮದುವೆ ಮುಗಿದ ಸಂಜೆ ನಾವೇ ಬಿಚ್ಚುತ್ತೇವೆ. ತೆನೆ ಚೆನ್ನಾಗಿದ್ದರೆ ಇನ್ನೊಂದು ಮದುವೆಗೆ. ಹಳತಾದದ್ದು ಕೋಳಿಗೆ, ಒಂದು ಗೊಂಚಲು ಜಂತೆಗೆ ನೇತು ಹಾಕಿದರೆ ಗುಬ್ಬಿಗೆ. ಬಾಳೆ, ಹೂವು, ಸೊಪ್ಪು ತಿಪ್ಪೆಗೆ.

ಕೆಲಸ ಒಪ್ಪಿಕೊಳ್ಳುವಾಗ ಒಂದು ಮಾತು ಎಲ್ಲ ಕಡೆ ಬಂದೇ ಬರುತ್ತದೆ: "ಹೂವು ನಿಮ್ಮ ಹೊಲದ್ದೇ ಅಲ್ವೇನಣ್ಣ, ಅದಕ್ಕೂ ದುಡ್ಡಾ?" ಪ್ಲಾಸ್ಟಿಕ್ ತಂದವನಿಗೆ ಹೀಗೆ ಯಾರೂ ಕೇಳಲ್ಲ. ಅದಕ್ಕೇ ಈಗ ವೀಳ್ಯ ಹಿಡಿಯುವ ದಿನವೇ ಒಂದು ಚೀಟಿ ಬರೆದು ಕೊಡುತ್ತೇವೆ. ಹೂವಿಗೆ ಅವತ್ತಿನ ಮಾರ್ಕೆಟ್ ರೇಟು, ಕಟ್ಟುವುದಕ್ಕೆ ಮಾರಿನ ಲೆಕ್ಕ, ತೆನೆಗೆ ಹಿಡಿಯ ಲೆಕ್ಕ, ಮುಂಗಡ ಅರ್ಧ. ನೆಂಟರಾದರೂ ಅಷ್ಟೇ.