ಗೋಧಿ ಬಿಡುವ ಮೊದಲು ಸೀಲಿಯಾಕ್ ಟೆಸ್ಟ್ ಮಾಡಿಸಿ

"ಪರೋಟ, ಚಪಾತಿ ಬಿಟ್ಟೆ, ಹೊಟ್ಟೆ ಹಗುರ ಆಯ್ತು. ಇನ್ನು ಟೆಸ್ಟ್ ಯಾಕೆ?" ಎಂದು ಕೇಳುವವರಿದ್ದಾರೆ. ಎಡವಟ್ಟಾಗುವುದು ಇಲ್ಲೇ.

ಸೀಲಿಯಾಕ್ ಇದ್ದವರಿಗೆ ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಹೋದರೆ ದೇಹದ ರೋಗನಿರೋಧಕ ಶಕ್ತಿ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ. ಟಿಟಿಜಿ-ಐಜಿಎ ಎಂಬ ರಕ್ತಪರೀಕ್ಷೆ ಆಗ ಹುಟ್ಟುವ ಪ್ರತಿಕಾಯವನ್ನು ಹುಡುಕುತ್ತದೆ. ಗೋಧಿ ನಿಲ್ಲಿಸಿ ತಿಂಗಳುಗಳಾದರೆ ಪ್ರತಿಕಾಯ ಇಳಿದು, ಕಾಯಿಲೆ ಇದ್ದರೂ ರಿಪೋರ್ಟ್ ನೆಗೆಟಿವ್ ಬರಬಹುದು. ಕೆಲವರಲ್ಲಿ ಐಜಿಎ ಹುಟ್ಟಿನಿಂದಲೇ ಕಡಿಮೆ, ಹಾಗಾಗಿ ಒಟ್ಟು ಐಜಿಎ ಕೂಡ ನೋಡಬೇಕು. ವಯಸ್ಕರಲ್ಲಿ ಖಚಿತಪಡಿಸಲು ಸಾಮಾನ್ಯವಾಗಿ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ಪರೀಕ್ಷಿಸುತ್ತಾರೆ. ಈಗಾಗಲೇ ಗೋಧಿ ಬಿಟ್ಟವರು ಡಾಕ್ಟರಿಗೆ ಅದನ್ನು ಮೊದಲೇ ಹೇಳಿ.

ಇದು ಉತ್ತರ ಭಾರತದವರ ಕಾಯಿಲೆ ಅಲ್ವಾ? ಅರ್ಧ ನಿಜ. ಫರೀದಾಬಾದ್, ದಿಬ್ರುಗಢ, ವೆಲ್ಲೂರು ಕಡೆಯ 23 ಸಾವಿರಕ್ಕೂ ಹೆಚ್ಚು ವಯಸ್ಕರ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಪ್ರತಿಕಾಯ ಕಂಡುಬಂದದ್ದು ಉತ್ತರದಲ್ಲಿ ಶೇ. 1.23, ದಕ್ಷಿಣದಲ್ಲಿ ಶೇ. 0.10 ಮಂದಿಯಲ್ಲಿ. ಆದರೆ ಕಾಯಿಲೆಗೆ ಬೇಕಾದ ವಂಶವಾಹಿ ಮೂರೂ ಕಡೆ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರಿಗಿತ್ತು. ದೊಡ್ಡ ವ್ಯತ್ಯಾಸ ತಟ್ಟೆಯಲ್ಲಿತ್ತು: ಉತ್ತರದಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ, ದಕ್ಷಿಣದಲ್ಲಿ 25 ಗ್ರಾಂ. ಸೇಲಂ ಜಿಲ್ಲೆಯ ಕಡಯಂಪಟ್ಟಿ, ಪಕ್ಕದ ಧರ್ಮಪುರಿಯ ಕಡೆ ಅನ್ನ, ರಾಗಿ ಕಳಿ ಹಳೆಯ ಊಟ. ನಮ್ಮ ಕರಾವಳಿಯಲ್ಲೂ ಗಂಜಿ, ಪತ್ತಿರ್. ಗಲ್ಫ್‌ಗೆ ಹೋದ ಹುಡುಗರಿಗೆ ಮಾತ್ರ ಎರಡು ಹೊತ್ತೂ ಖುಬ್ಸ್! ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್, ನಿಲ್ಲದ ಭೇದಿ, ಬೆಳೆಯದ ಮಗು ಇದ್ದರೆ 'ನಮ್ಮಲ್ಲಿ ಇದು ಬರೋಲ್ಲ' ಎಂದು ಕೂರಬೇಡಿ.

ಪಥ್ಯ ಮಾಡಿಯೂ ಹೊಟ್ಟೆ ಉಬ್ಬರ, ಸುಸ್ತು ಹೋಗದಿದ್ದರೆ ಮೊದಲು ಅಡುಗೆಮನೆ ಹುಡುಕಿ. ಅಂಗಡಿಯ ಕೂಟು ಇಂಗಿನಲ್ಲಿ ಗೋಧಿ ಹಿಟ್ಟು ಇರುತ್ತದೆ. ರವೆ, ಗೋಧಿ ಶಾವಿಗೆ, ಹಾರ್ಲಿಕ್ಸ್, ಫ್ರೈಡ್ ರೈಸಿನ ಸೋಯಾ ಸಾಸ್, ಕಬಾಬಿಗೆ ಹಚ್ಚುವ ಮೈದಾ, ಪರೋಟ ಬೇಯಿಸಿದ ಕಾವಲಿಯಲ್ಲೇ ಹುಯ್ದ ದೋಸೆ, ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಆದರೆ ಗೋಧಿ ಬೀಸಿದ ಮಿಲ್ಲಿನಲ್ಲೇ ಬೀಸಿದರೆ ಬೆರೆಯುತ್ತದೆ. ಇದ್ಯಾವುದೂ ಇಲ್ಲವೆಂದಾದರೆ ಹಾಲು ಜೀರ್ಣವಾಗದಿರುವುದು, ಕರುಳಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿರುವುದು ಕಾರಣವಿರಬಹುದು. ಕರುಳು ಮಾಯಲು ಕೆಲವರಿಗೆ ವರ್ಷಗಳೇ ಬೇಕು. ಆರು ತಿಂಗಳಿಗೊಮ್ಮೆ ಟಿಟಿಜಿ ಮತ್ತೆ ಮಾಡಿಸಿದರೆ ಅದು ಇಳಿಯುತ್ತಿದೆಯೇ ಎಂದು ಗೊತ್ತಾಗುತ್ತದೆ.

ಮನೆಯಲ್ಲಿ ಒಬ್ಬರಿಗೆ ಖಚಿತವಾದರೆ ಉಮ್ಮ, ಬಾಪ, ಒಡಹುಟ್ಟಿದವರು, ಮಕ್ಕಳು ಕೂಡ ರಕ್ತಪರೀಕ್ಷೆ ಮಾಡಿಸಬೇಕು, ಗೋಧಿ ತಿನ್ನುತ್ತಿರುವಾಗಲೇ.